ಒಂಬತ್ತನೇ ಸಾಲು

ಶಿಡ್ಲಘಟ್ಟದ ಹನ್ನೊಂದು ಬಿಚ್ಚಾಣಿಕೆ ಮನೆಗಳಿಗೆ
ಒಂದೇ ಶೀಟು. ಕೀಲಿ ನನ್ನ ಕೈಲಿ.
ಕೀಲಿ ಅಂದರೆ ಇಷ್ಟೇ: ಯಾರು ನೋಡಬಹುದು,
ಯಾರು ತಿದ್ದಬಹುದು, ಹೆಸರಿನ ಪಕ್ಕ ಆರಿಸುವುದು.
ಮೊದಲ ದಿನವೇ ಎಲ್ಲರಿಗೂ 'ತಿದ್ದಬಹುದು' ಕೊಟ್ಟೆ.
ಕೊಡದಿದ್ದರೆ ದಿನಕ್ಕೆ ಹನ್ನೊಂದು ಫೋನು;
ಉದಾರತೆ ಅಂತ ಯಾರೂ ತಿಳಿಯಬೇಡಿ.

ಗೂಡಿನ ಮಾರುಕಟ್ಟೆ ಮುಗಿದ ಮೇಲೆ
ಸಾಲುಗಳು ತುಂಬಿಕೊಳ್ಳುತ್ತವೆ:
ಲಾಟು, ತೂಕ, ದರ, ಸಂಜೆಗೆ ನೂಲು, ಜೂಟು.
ಹಸಿರು ಚೌಕ ಜಬೀಉಲ್ಲಾ ಸಾಹೇಬರು:
ಒಂದು ಅಂಕಿ ಒತ್ತಿ, ಎದ್ದು ಹೋಗಿ ಒಲೆಗೆ ಸೌದೆ ನೂಕಿ
ಬಂದು ಇನ್ನೊಂದು ಅಂಕಿ.
ನೇರಳೆ, ಗುಲ್ಜಾರ್ ಬಾನು;
ಪರದೆಯ ಮೇಲೆ ಮಾತ್ರ ಮೊಮ್ಮಗನ ಹೆಸರು, ಕಿಂಗ್ ಫೈಜು.
ಪಾಪತಿಮ್ಮಯ್ಯ ಲಾಗಿನ್ನೇ ಆಗುವುದಿಲ್ಲ.
'ಅನಾಮಿಕ ಆಮೆ' ಅಂತ ಬಂದು ಹೋಗುತ್ತಾನೆ.
ಈಗ ಟೀ ಅಂಗಡಿಯಲ್ಲೂ ಅವನು ಆಮೆಯೇ.

ಜಗಳವಿಲ್ಲದ ವಾರವಿಲ್ಲ.
ನನ್ನ ತೂಕ ಅವಳು ಅಳಿಸಿದಳು,
ನಮ್ಮ ಸಾಲಿಗೆ ಅವನ ಬೆರಳು ತಾಗಿತು.
ಒಮ್ಮೆ ಯಾರದೋ ಮನೆ ಮಗು ಆಟವಾಡುತ್ತ
ದರದ ಕಾಲಮ್ಮನ್ನೇ ಎಳೆದು ಬಿಸಾಕಿತು;
ಹನ್ನೊಂದು ಮನೆಗೂ ಅರ್ಧ ಗಂಟೆ ರೇಷ್ಮೆ ಪುಕ್ಕಟೆ.
'ಬಗೆಹರಿಯಿತು' ಅಂತ ಒತ್ತಿದರೆ ಕಾಮೆಂಟು ಮಾಯ.
ಜಗಳ ಓಣಿಯಲ್ಲಿ ಹಾಗೇ ನಿಂತಿರುತ್ತದೆ, ಕೈ ಸೊಂಟಕ್ಕಿಟ್ಟು.

ಕಳೆದ ತಿಂಗಳು ಮೊತ್ತ ಕೂಡಲಿಲ್ಲ.
ಚೀಟಿಗಳಲ್ಲಿ ಇದ್ದ ನೂಲು
ಶೀಟಿನಲ್ಲಿ ನಾನೂರು ಗ್ರಾಂ ಕಮ್ಮಿ.
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿ
ಒಂಬತ್ತನೇ ಸಾಲಿಗೆ ಬಂದು ನಿಂತೆ. ಮುನಿಪಿಳ್ಳಪ್ಪ.

ಅವನ ಬಲಗೈ ಕುದಿನೀರಲ್ಲಿ ಬೆಂದು ಹದಿನೆಂಟು ದಿನ.
ಬೇಸಿನ್ನು ಆರಿ ತಳದಲ್ಲಿ ಹಳದಿ ಕಟ್ಟಿತ್ತು;
ನಾನೇ ಹೋಗಿ ನೋಡಿದ್ದೆ,
ಬಾಳೆ ಎಲೆಯ ಮೇಲೆ ಬೇರೆ ಯಾರದೋ ಎಂಬಂತೆ ಇಟ್ಟಿದ್ದ ಕೈ.
ಆದರೂ ಸಾಲಿನಲ್ಲಿ ದಿನವೂ ನೂಲು.
ನಾನೂರು, ಮುನ್ನೂರೈವತ್ತು, ಭಾನುವಾರವೂ ನಾನೂರು.
ತಿಂಗಳಿಗೆ ಹದಿನೈದು ಕೇಜಿ ಮುಟ್ಟದಿದ್ದರೆ
ಗುಂಪಿನ ಸಾಲದಿಂದ ಹೆಸರು ಕಡಿ, ಅದು ನಿಯಮ.
ನಿಯಮ ಟೈಪು ಮಾಡಿದವಳೂ ನಾನೇ.

ಕಳ್ಳ ಸಿಕ್ಕ ಅಂತ ಹಿಸ್ಟರಿ ತೆರೆದೆ.

ರಾತ್ರಿ ಹನ್ನೊಂದು ನಲವತ್ತು, ನೇರಳೆ:
ತನ್ನ ಸಾಲಿನ ಎರಡು ಕಾಲು ಕೇಜಿಯನ್ನು ಇಳಿಸಿ
ಇಳಿಸಿದ್ದನ್ನು ಒಂಬತ್ತಕ್ಕೆ ಏರಿಸಿದೆ.
ಬೆಳಗಿನ ಐದು ಹನ್ನೆರಡು, ಹಸಿರು: ಹಾಗೇ.
ಒಬ್ಬರದು ಇನ್ನೊಬ್ಬರಿಗೆ ಗೊತ್ತಿದ್ದ ಲಕ್ಷಣವಿಲ್ಲ.
ಹದಿಮೂರನೇ ತಾರೀಕು ಇಬ್ಬರೂ ಒಂದೇ ಸೆಲ್ಲಿಗೆ ಬಂದು
ಬಾನು ಇಟ್ಟ ನಾನೂರರ ಮೇಲೆ
ಸಾಹೇಬರು ಅದೇ ನಾನೂರು ಒತ್ತಿದ್ದಾರೆ.
ಎರಡು ಕೊಟ್ಟರೂ ಒಂದೇ ಉಳಿಯಿತು.
ನನ್ನ ಕಮ್ಮಿ ನಾನೂರು ಅದೇ.

ಗುಲ್ಜಾರ್ ಬಾನು ಒಮ್ಮೆ ಹೇಳಿದ್ದರು, ಬೇಸಿನ್ನಿನ ಹಬೆಯೊಳಗಿಂದ:
'ಎಂಟು ಗೂಡಿನ ಎಳೆ ಸೇರಿದರೆ ಒಂದು ನೂಲಮ್ಮ.
ಒಂದು ಮುಗಿದರೆ ಚರಕ ನಿಲ್ಲಿಸಲ್ಲ,
ಇನ್ನೊಂದರ ತುದಿ ಎಸೀತೀವಿ.
ಎಲ್ಲಿ ಸೇರ್ತು ಅಂತ ಸೀರೆ ಹೇಳಲ್ಲ.'

ಶೀಟು ಹೇಳುತ್ತದೆ. ನಿಮಿಷದ ಸಮೇತ.

ಬ್ಯಾಂಕಿನವರು ಹೇಳುತ್ತಲೇ ಇದ್ದಾರೆ,
ಬೀಗ ಹಾಕಿ ಮೇಡಂ, 'ನೋಡಬಹುದು' ಸಾಕು ಎಲ್ಲರಿಗೂ.
ನಾಳೆ ಹನ್ನೊಂದಕ್ಕೆ ಕಳಿಸಬೇಕು.
ಬಾಗಿಲು ಹಾಕಿಕೊಂಡು, ಯಾಕೋ ಗೊತ್ತಿಲ್ಲ, ಹಾಕಿಕೊಂಡು,
ಆ ನಾನೂರನ್ನು ಎಲ್ಲಿಡುವುದು ಅಂತ
ಒಂಬತ್ತನೇ ಸಾಲಿಗೆ ಬೆರಳು ತಂದೆ.

ಆಮೆ ಆಗಲೇ ಅಲ್ಲಿ ಕೂತಿತ್ತು.
ಬೂದು ಚೌಕ, ಮಿಣುಕುತ್ತ.
ಒಂದು ಅಂಕಿ ಬಂತು. ಅಳಿಯಿತು. ಮತ್ತೆ ಬಂತು.
ಪಾಪತಿಮ್ಮಯ್ಯನ ಹೆಬ್ಬೆರಳು ದಪ್ಪ,
ಮೂರು ಒತ್ತಲು ಹೋದರೆ ಆರು ಬೀಳುತ್ತದೆ.

ಕಾದೆ.